ತೊಟ್ಟಿಲಮ್ಮನ ಪಕ್ಕದ ಸೀಟು

ಬಸ್ ಓಡಿಸುವವರಿಗೆ ಜನ ಇಡುವ ಅಡ್ಡಹೆಸರುಗಳು ಸಾಮಾನ್ಯವಾಗಿ ನಾಲ್ಕು ಜನರ ಮುಂದೆ ಹೇಳುವಂಥವಲ್ಲ. ಬ್ರೇಕ್ ಹಾಕಿದಾಗಲೆಲ್ಲ ಮುಂದಿನ ಸೀಟಿಗೆ ಮೂಗು ಜಜ್ಜಿಸಿಕೊಂಡವರು ಇಡುವ ಹೆಸರು ಇನ್ನು ಹೇಗಿದ್ದೀತು? ಆದರೆ ಈಕೆಗೆ ಮಾತ್ರ ತೊಟ್ಟಿಲಮ್ಮ ಅಂತ ಹೆಸರು ಬಿತ್ತು. ಈಕೆಯ ಬಸ್ಸು ಹತ್ತಿದ ಕೂಸುಗಳು ಎರಡನೇ ಸ್ಟಾಪಿಗೆ ಅಳು ನಿಲ್ಲಿಸುತ್ತಿದ್ದವು, ಆಫೀಸಿನಿಂದ ಸುಸ್ತಾಗಿ ಬಂದ ಗುಮಾಸ್ತರು ಮೂರನೆಯದಕ್ಕೆ ಗೊರಕೆ ಹೊಡೆಯುತ್ತಿದ್ದರು. ಡಿಪೋದ ಮೇಲಧಿಕಾರಿಗಳಿಗೂ ಈಕೆಯ ನಿಜವಾದ ಹೆಸರು ಮರೆತುಹೋಗಿ, ಸಂಬಳ ಕೊಡುವ ದಿನ ಮಾತ್ರ ನೆನಪಾಗುತ್ತಿತ್ತು ಅಂತ ತಮಾಷೆ ಮಾಡುತ್ತಿದ್ದರು. ಆಕೆಗೂ ಆ ಹೆಸರಿನ ಮೇಲೆ ಸಿಟ್ಟಿರಲಿಲ್ಲ. ಸಿಟ್ಟು ಬರುತ್ತಿದ್ದದ್ದು ಗೇರನ್ನು ಕರ್ರ್ ಅನ್ನಿಸುವವರ ಮೇಲೆ.

ಆಕೆಯ ಗಂಡ ಬೇಕರಿಯವನು. ಮನೆಯ ಕೆಳಗೇ ಒಲೆ, ಅಂಗಡಿ, ಹಿಟ್ಟು ನಾದುವ ಉದ್ದನೆಯ ಮೇಜು. ಇವರಿಬ್ಬರ ಮದುವೆಯ ಕಥೆ ತಕ್ಕಡಿಯಿಂದ ಶುರುವಾಯಿತು. ಆಗ ಆಕೆ ಡಿಪೋಗೆ ಹೊಸದಾಗಿ ಸೇರಿದ್ದಳು. ಬ್ರೆಡ್ಡು ಕೊಳ್ಳಲು ಹೋದಾಗ ಈ ಹುಡುಗ ಅದನ್ನು ತಕ್ಕಡಿಯಲ್ಲಿಟ್ಟು ನೋಡಿದ, ಮುಳ್ಳು ಕೂದಲೆಳೆಯಷ್ಟು ಹಿಂದಿತ್ತು. ಪಕ್ಕದ ಬ್ರೆಡ್ಡಿನಿಂದ ಒಂದು ಚೂರು ಕತ್ತರಿಸಿ ಮೇಲಿಟ್ಟ. “ಪರವಾಗಿಲ್ಲ ಬಿಡಿ” ಅಂದಳು ಆಕೆ. “ನಿಮಗೆ ಪರವಾಗಿಲ್ಲ, ನನಗೆ ರಾತ್ರಿ ನಿದ್ದೆ ಬರಲ್ಲ” ಅಂದ ಅವನು. ಆ ಚೂರನ್ನು ಆಕೆ ದಾರಿಯಲ್ಲೇ ತಿಂದು ಮುಗಿಸಿದಳು, ಮದುವೆಯಾಗುವುದಾದರೆ ಇಂಥವನನ್ನೇ ಅಂತ ಮನೆ ಮುಟ್ಟುವುದರೊಳಗೆ ನಿರ್ಧರಿಸಿಯೂ ಆಗಿತ್ತು. ರೂಪ ನೋಡಿ ಮರುಳಾಗುವವರು, ಮಾತು ಕೇಳಿ ಮರುಳಾಗುವವರು ಇದ್ದಾರೆ. ತೂಕಕ್ಕೆ ಮರುಳಾದವಳು ಈಕೆಯೊಬ್ಬಳೇ ಇರಬೇಕು.

ಸಂಸಾರ ಚೆನ್ನಾಗಿಯೇ ನಡೆಯಿತು. ಒಂದೇ ಕೊರತೆ ಎಂದರೆ ಹೊತ್ತಿನದು. ಬೇಕರಿಯವನ ದಿನ ಕೋಳಿ ಕೂಗುವ ಮೊದಲೇ ಶುರು, ಸಂಜೆ ದೀಪ ಹಚ್ಚುವಾಗ ಮುಗಿಯುತ್ತಿತ್ತು. ಈಕೆಗೆ ಸಿಕ್ಕಿದ್ದು ಮಧ್ಯಾಹ್ನದ ಪಾಳಿ. ಆಕೆ ಬಸ್ಸು ನಿಲ್ಲಿಸಿ ಬರುವಾಗ ಅವನು ಮಲಗಿರುತ್ತಿದ್ದ, ಅವನು ಒಲೆ ಹೊತ್ತಿಸುವಾಗ ಆಕೆ ಮಲಗಿರುತ್ತಿದ್ದಳು. ಬೇಕರಿಗೆ ಸೋಮವಾರ ರಜೆ, ಆದರೆ ಆ ದಿನ ಒಲೆ ಗುಡಿಸಿ ವಾರದ ಲೆಕ್ಕ ಬರೆಯುವುದರಲ್ಲೇ ಅವನಿಗೆ ಕತ್ತಲಾಗುತ್ತಿತ್ತು. ಡಿಪೋದಲ್ಲಿ ಸೋಮವಾರ ರಜೆ ಕೇಳಿದರೆ ಕೊಲೆ ಮಾಡಿದವರನ್ನು ನೋಡುವ ಹಾಗೆ ನೋಡುತ್ತಿದ್ದರು. ಹೀಗಾಗಿ ಮಗಳು ಹುಟ್ಟಿ, ಬೆಳೆದು, ಕನ್ನಡಕದಂಗಡಿಯಲ್ಲಿ ಕೆಲಸಕ್ಕೆ ಸೇರುವವರೆಗೆ ಗಂಡ ಒಮ್ಮೆಯೂ ಹೆಂಡತಿಯ ಬಸ್ಸು ಹತ್ತಿರಲಿಲ್ಲ. ಊರೆಲ್ಲ ಹತ್ತಿತ್ತು, ಅವನೊಬ್ಬ ಹತ್ತಿರಲಿಲ್ಲ. ಆಕೆ ಅವನ ಬ್ರೆಡ್ಡನ್ನು ದಿನಾ ತಿನ್ನುತ್ತಿದ್ದಳು, ಅವನ ಕೈಯ ರುಚಿ ಆಕೆಗೆ ಗೊತ್ತು. ತನ್ನ ಕೈಯ ಕೆಲಸ ಹೇಗಿರುತ್ತದೆಂದು ಅವನಿಗೆ ಗೊತ್ತಿಲ್ಲವಲ್ಲ ಎಂಬುದು ಆಕೆಗೆ ಒಳಗೊಳಗೇ ಕುಟುಕುತ್ತಿತ್ತು.

ಆಕೆಯ ಮಾರ್ಗದ ಕೊನೆಯ ಸ್ಟಾಪು ಊರ ಹೊರಗಿನ ಒಂದು ಬಯಲು. ಅಲ್ಲಿ ತಂತಿ ಬೇಲಿ, ಬೇಲಿಯಾಚೆ ಉದ್ದಕ್ಕೆ ಕತ್ತರಿಸಿದ ಹುಲ್ಲು, ತುದಿಯಲ್ಲಿ ತಗಡಿನ ಶೆಡ್ಡು, ಕಂಬದ ಮೇಲೆ ಗಾಳಿ ಯಾವ ಕಡೆಯದು ಎಂದು ತೋರಿಸುವ ಬಟ್ಟೆಯ ಚೀಲ. ಶೆಡ್ಡಿನೊಳಗೆ ಎರಡು ಪುಟ್ಟ ವಿಮಾನಗಳು, ಒಂದೊಂದಕ್ಕೂ ಎರಡೇ ಸೀಟು. ಬಸ್ಸು ಮರಳಿ ಹೊರಡುವ ಮೊದಲು ಸಿಗುವ ಬಿಡುವಿನಲ್ಲಿ ತೊಟ್ಟಿಲಮ್ಮ ಬೇಲಿಗೆ ಮೊಣಕೈ ಊರಿ, ಫ್ಲಾಸ್ಕಿನ ಚಹಾ ಕುಡಿಯುತ್ತಾ ಅವುಗಳನ್ನು ನೋಡುತ್ತಿದ್ದಳು. ಇಳಿಯುವಾಗ ದಬಕ್ಕನೆ ಕುಪ್ಪಳಿಸಿದರೆ “ಥೂ, ಕ್ಲಚ್ ಬಿಡೋಕೆ ಬರಲ್ಲ” ಅಂತ ಗೊಣಗುತ್ತಿದ್ದಳು. ವಿಮಾನಕ್ಕೆ ಕ್ಲಚ್ ಇಲ್ಲವೆಂದು ಆಗ ಆಕೆಗೆ ಗೊತ್ತಿರಲಿಲ್ಲ.

ನಿವೃತ್ತಿಯಾದ ಮರುವಾರ ಆಕೆ ತನ್ನದೇ ಮಾರ್ಗದ ಬಸ್ಸು ಹತ್ತಿ, ಹೊಸ ಡ್ರೈವರನಿಗೆ ದಾರಿಯುದ್ದಕ್ಕೂ ಬುದ್ಧಿ ಹೇಳಿ, ಅವನ ತಲೆ ತಿಂದು, ಕೊನೆಯ ಸ್ಟಾಪಿನಲ್ಲಿ ಇಳಿದಳು. ಬೇಲಿಯ ಗೇಟು ತೆಗೆದು ಒಳಗೆ ಹೋದಳು. ಅಲ್ಲಿ ಕಲಿಸುವವರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ಒಂದು ಕಾಲದಲ್ಲಿ ಹೊಲಗಳ ಮೇಲೆ ಔಷಧಿ ಸಿಂಪಡಿಸುವ ವಿಮಾನ ಓಡಿಸಿದವರು. ಎಂಜಿನ್ ಸದ್ದಿನಲ್ಲಿ ಆಯುಷ್ಯ ಕಳೆದದ್ದಕ್ಕೋ ಏನೋ, ಮಾತನ್ನು ಅರ್ಧಕ್ಕೆ ಕತ್ತರಿಸಿ ಕೊಡುತ್ತಿದ್ದರು.

“ಕಲಿಸ್ತೀರಾ?”

“ಯಾರಿಗೆ?”

“ನನಗೇ.”

ಮೇಷ್ಟ್ರು ಆಕೆಯ ಬಿಳಿಗೂದಲು ನೋಡಿದರು. “ಏನಾದ್ರೂ ಓಡಿಸಿ ಅಭ್ಯಾಸ?”

“ಜೀವಮಾನವೆಲ್ಲ ಬಸ್ಸೇ ಓಡ್ಸಿದ್ದು.”

“ಹಾಗಾದ್ರೆ ಮೊದಲು ಅದನ್ನ ಮರೀಬೇಕು” ಅಂದರು ಮೇಷ್ಟ್ರು.

ಮರೆಯುವುದೇ ಕಷ್ಟವಾಯಿತು. ಗಾಳಿಯಲ್ಲಿ ಆಕೆ ಮೊದಲ ದಿನದಿಂದಲೇ ಜಾಣೆ, ನೆಲದ ಮೇಲೆ ಮಾತ್ರ ಶತದಡ್ಡಿ. ನೆಲದ ಮೇಲೆ ವಿಮಾನವನ್ನು ತಿರುಗಿಸುವುದು ಕಾಲಿನ ಪೆಡಲಿನಿಂದ, ಕೈಯಲ್ಲಿರುವ ಕೋಲಿನಿಂದಲ್ಲ. ಆಕೆ ಬಲಕ್ಕೆ ಹೋಗಬೇಕೆಂದು ಕೋಲನ್ನು ಬಲಕ್ಕೆ ಬಗ್ಗಿಸಿಕೊಂಡು ಕೂರುವಳು, ವಿಮಾನ ತನ್ನ ಪಾಡಿಗೆ ತಾನು ನೇರವಾಗಿ ಬೇಲಿಯ ಕಡೆ ಹೊರಡುವುದು. “ಕಾಲು, ಕಾಲು, ಕಾಲು!” ಅಂತ ಮೇಷ್ಟ್ರು ಅರಚಿ ಅರಚಿ ಅವರ ಗಂಟಲು ಕಟ್ಟಿತು. ಹೊರಡುವ ಮೊದಲು ಇಲ್ಲದ ಕನ್ನಡಿಯಲ್ಲಿ ಹಿಂದೆ ನೋಡುವುದು, ಇಳಿದು ನಿಂತ ಕೂಡಲೇ ಬಾಗಿಲು ತೆಗೆಯುವ ಗುಂಡಿಗಾಗಿ ಎಡಗೈ ತಡವರಿಸುವುದು, ಇವೆಲ್ಲ ಹೋಗಲು ಒಂದು ಚಳಿಗಾಲವೇ ಹಿಡಿಯಿತು. ಒಂದು ದಿನ ತುಂಬ ಚೆನ್ನಾಗಿ ಇಳಿಸಿದ ಖುಷಿಯಲ್ಲಿ “ಇಳಿಯೋರೆಲ್ಲ ಇಳೀರಿ” ಅಂದುಬಿಟ್ಟಳು. ಮೇಷ್ಟ್ರು ಗಂಭೀರವಾಗಿ ಇಳಿದರು, ಶೆಡ್ಡಿನ ಹಿಂದೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಗಳು “ಅರವತ್ತಕ್ಕೆ ಅರಳು ಮರಳು ಅಂತಾರಲ್ಲ, ನಮ್ಮಮ್ಮನಿಗೆ ರೆಕ್ಕೆ ಬಂದಿದೆ” ಅಂದಳು. ಗಂಡ ಹಾಗೇನೂ ಅನ್ನಲಿಲ್ಲ. ಪಾಠಕ್ಕೆ ಹೊರಟಾಗಲೆಲ್ಲ ಮೇಷ್ಟ್ರಿಗೆಂದು ಬಿಸಿ ಬನ್ನು ಕಟ್ಟಿಕೊಟ್ಟ. ಆಕೆ ಪರೀಕ್ಷೆ ಪಾಸಾಗಿ, ಪಕ್ಕದಲ್ಲಿ ಪ್ರಯಾಣಿಕರನ್ನು ಕೂರಿಸಿಕೊಳ್ಳುವ ಪರವಾನಗಿ ಬಂದ ದಿನ ಅಂಗಡಿಗೆ ಬಂದವರಿಗೆಲ್ಲ ಪುಕ್ಕಟೆ ಬಿಸ್ಕತ್ತು ಹಂಚಿದ. ಆಕೆಗೆ ಹಾಲು ಕುಡಿದಷ್ಟು ಸಂತೋಷವಾಯಿತು. “ಮುಂದಿನ ಸೋಮವಾರ ಮೊದಲ ಪ್ರಯಾಣಿಕರು ನೀವೇ” ಅಂದಳು.

“ನಾನಾ? ಮುಂದಿನ ಸೋಮವಾರ ಒಲೆ ರಿಪೇರಿ ಇದೆ ಕಣೇ” ಅಂದ.

ಆ ಸೋಮವಾರ ಹಾಗೆ ಹೋಯಿತು. ಅದರ ಮುಂದಿನ ಸೋಮವಾರ ಮೋಡ. ಅದರ ಮುಂದಿನದಕ್ಕೆ ಬೆನ್ನು ನೋವು. ಆಮೇಲೆ ಹಿಟ್ಟಿನ ಲಾರಿ ಬರುತ್ತದೆಂದ, ಬರಲಿಲ್ಲ. ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಾ ಒಂದು ವರ್ಷ ತಳ್ಳಿದ. ಈ ನಡುವೆ ಮಗಳು ಹಾರಿ ಬಂದಳು, ಅರಳು ಮರಳಿನ ಮಾತನ್ನು ವಾಪಸ್ ತೆಗೆದುಕೊಂಡಳು. ಪಕ್ಕದ ಮನೆಯ ದರ್ಜಿ ಹಾರಿದ. ಡಿಪೋದ ಹಳೆಯ ಮೆಕ್ಯಾನಿಕ್ಕು ಹಾರಿ, ಎಂಜಿನ್ ಸದ್ದಿನ ಬಗ್ಗೆ ಎರಡು ಸಲಹೆ ಕೊಟ್ಟು ಹೋದ. ಗಂಡನೊಬ್ಬ ಮಾತ್ರ ನೆಲ ಬಿಡಲಿಲ್ಲ.

ಇದಕ್ಕೆ ಒಂದೇ ಅರ್ಥವೆಂದು ಆಕೆಗೆ ಅನ್ನಿಸಿತು. ಇವರಿಗೆ ನನ್ನ ಕೈ ಮೇಲೆ ನಂಬಿಕೆಯಿಲ್ಲ. ಊರಿಗೆ ಊರೇ ಕಣ್ಣು ಮುಚ್ಚಿಕೊಂಡು ಕೂತ ಕೈ ಇದು, ಕಟ್ಟಿಕೊಂಡವನಿಗೆ ಮಾತ್ರ ಭಯ. ಹಾಗೆಂದು ಬಾಯಿಬಿಟ್ಟು ಕೇಳಿದರೆ ಹೌದು ಅಂದುಬಿಟ್ಟಾನೆಂದು ಕೇಳಲಿಲ್ಲ. ನೋವಾಗಿತ್ತು. ಒಂದು ಸಂಜೆ ತಟ್ಟೆ ತೊಳೆಯುತ್ತಾ, “ಬೇಡ ಬಿಡಿ. ಇನ್ಮೇಲೆ ನಾನು ಕೇಳಲ್ಲ” ಅಂದಳು, ಕೇಳಲೂ ಇಲ್ಲ.

ಹೆಂಡತಿಯ ಬೈಗುಳವನ್ನು ತಡೆದುಕೊಳ್ಳುವ ಗಂಡಸರಿದ್ದಾರೆ, ಆಕೆ ಸುಮ್ಮನಾದರೆ ತಡೆದುಕೊಳ್ಳುವವರಿಲ್ಲ. ಬೇಕರಿಯವನಿಗೆ ಕೈಕಾಲು ಆಡದಾಯಿತು. ಬ್ರೆಡ್ಡು ಎರಡು ಸಲ ಸೀದುಹೋಯಿತು. ಕೊನೆಗೊಂದು ಸೋಮವಾರ ಬೆಳಿಗ್ಗೆ ಆಕೆ ಎದ್ದು ಬರುವಾಗ ಅವನು ಗಡ್ಡ ಹೆರೆದು, ಮದುವೆ ಮುಂಜಿಗೆಂದು ಇಟ್ಟಿದ್ದ ಕೋಟು ಹಾಕಿಕೊಂಡು, ಬನ್ನಿನ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ.

“ಎಲ್ಲಿಗೆ?” ಅಂದಳು.

“ನೀನು ಕರ್ಕೊಂಡು ಹೋಗೋ ಕಡೆಗೆ.”

ಆಕೆ ಒಳಗೆ ಹೋಗಿ, ಯಾರೂ ನೋಡದ ಹಾಗೆ ಮುಖ ತೊಳೆದುಕೊಂಡು ಬಂದಳು.

ಆ ದಿನ ಬಯಲಿನಲ್ಲಿ ಮೇಷ್ಟ್ರ ಜೊತೆಗೆ ಇನ್ನೊಬ್ಬರೂ ಇದ್ದರು. ನಿವೃತ್ತ ಬ್ಯಾಂಕ್ ಮ್ಯಾನೇಜರು. ಎರಡನೇ ವಿಮಾನ ಅವರದು. ಅದನ್ನು ಹಾರಿಸಿದ್ದಕ್ಕಿಂತ ಒರೆಸಿದ್ದೇ ಹೆಚ್ಚು. ಮಡಚುವ ಕುರ್ಚಿ ಹಾಕಿಕೊಂಡು, ಬೇರೆಯವರು ಏರುವುದು ಇಳಿಯುವುದು ನೋಡಿ ಅಂಕ ಕೊಡುವುದು ಅವರ ಹವ್ಯಾಸ. ಬೇಕರಿಯವನನ್ನು ನೋಡಿ “ಓಹೋ, ಯಜಮಾನರು ಬಂದ್ರು! ಅಂತೂ ಧೈರ್ಯ ಬಂತು” ಅಂದರು. ಬೇಕರಿಯವನು ಹಲ್ಲು ಕಿರಿದ.

ಹಾರುವ ಮುಂಚೆ ತೂಕದ ಲೆಕ್ಕ ಹಾಕಬೇಕು. ಪುಟ್ಟ ವಿಮಾನಕ್ಕೆ ಇಷ್ಟೇ ಭಾರ ಎಂಬ ಮಿತಿ ಇದೆ. ಕೂತವರ ತೂಕ ಹೆಚ್ಚಿದ್ದರೆ ಪೆಟ್ರೋಲು ಕಡಿಮೆ ಹಾಕಬೇಕು, ಎರಡನ್ನೂ ಹೆಚ್ಚು ಮಾಡುವ ಹಾಗಿಲ್ಲ. ಶೆಡ್ಡಿನ ಮೂಲೆಯಲ್ಲಿ ಹುಲ್ಲಿನ ಮೂಟೆ ತೂಗುವ ದೊಡ್ಡ ತೂಕದ ಯಂತ್ರವಿತ್ತು, ಆದರೆ ಮನುಷ್ಯರನ್ನು ಮೂಟೆಯಂತೆ ಅದರ ಮೇಲೆ ನಿಲ್ಲಿಸುವುದು ಮರ್ಯಾದೆಯಲ್ಲವೆಂದು ಮೇಷ್ಟ್ರು ಬಾಯಿಮಾತಿನಲ್ಲೇ ಕೇಳುತ್ತಿದ್ದರು. ಕೇಳಿ, ಹೇಳಿದ ತೂಕಕ್ಕೆ ಐದು ಕಿಲೋ ಸೇರಿಸುತ್ತಿದ್ದರು. ತೂಕದ ವಿಷಯದಲ್ಲಿ ಸತ್ಯ ಹೇಳುವ ಮನುಷ್ಯ ಇನ್ನೂ ಹುಟ್ಟಿಲ್ಲ ಎಂಬುದು ಅವರ ಸಿದ್ಧಾಂತ. ತೊಟ್ಟಿಲಮ್ಮನಿಗೂ ಅದನ್ನೇ ಕಲಿಸಿದ್ದರು, ಆಕೆ ಮಗಳಿಗೂ ಸೇರಿಸಿದ್ದಳು, ದರ್ಜಿಗೂ ಸೇರಿಸಿದ್ದಳು.

“ನಿಮ್ಮ ತೂಕ ಎಷ್ಟು?” ಅಂತ ಎಲ್ಲ ಪ್ರಯಾಣಿಕರನ್ನು ಕೇಳುವ ದನಿಯಲ್ಲೇ ಗಂಡನನ್ನೂ ಕೇಳಿದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬೇಕರಿಯವನ ಕೈ ಕೋಟಿನ ಗುಂಡಿಗೆ ಹೋಯಿತು. ಒಮ್ಮೆ ಮೇಷ್ಟ್ರನ್ನು ನೋಡಿದ, ಒಮ್ಮೆ ಕುರ್ಚಿಯಲ್ಲಿದ್ದ ಮ್ಯಾನೇಜರನ್ನು ನೋಡಿದ. “ತೊಂಬತ್ತು” ಅಂದ.

“ಐದು ಸೇರಿಸಮ್ಮ” ಅಂದರು ಮೇಷ್ಟ್ರು.

“ಇವರಿಗೆ ಬೇಡ ಮೇಷ್ಟ್ರೇ” ಅಂತ ಆಕೆ ನಕ್ಕಳು. ಆ ನಗುವಿನಲ್ಲಿ ಎಷ್ಟು ಹೆಮ್ಮೆಯಿತ್ತೆಂದರೆ ಮ್ಯಾನೇಜರೂ ತಲೆ ಎತ್ತಿ ನೋಡಿದರು. “ನಮ್ಮನೆಯವರ ತಕ್ಕಡಿ ಇವತ್ತಿನವರೆಗೂ ಒಂದು ಗ್ರಾಂ ಸುಳ್ಳು ಹೇಳಿಲ್ಲ. ಊರಲ್ಲಿ ಯಾರನ್ನ ಬೇಕಾದ್ರೂ ಕೇಳಿ.”

ಬೇಕರಿಯವನು ಆಗಲೇ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಇಷ್ಟು ಹೊಗಳಿದ ಮೇಲೆ ಯಾವ ಬಾಯಲ್ಲಿ ಹೇಳುವುದು?

ತೊಂಬತ್ತರ ಲೆಕ್ಕದಲ್ಲಿ ಆಕೆ ಪೆಟ್ರೋಲು ಧಾರಾಳವಾಗಿ ಹಾಕಿಸಿದಳು. ನದಿಯ ತಿರುವಿನವರೆಗೆ ಹೋಗಿ, ಊರ ಮೇಲೆ ಎರಡು ಸುತ್ತು ಹಾಕಿ, ಅವನ ಅಂಗಡಿಯ ಚಿಮಣಿ ತೋರಿಸಿ ಬರಬೇಕೆಂದು ಆಸೆ. ಎಡಗಡೆಯ ಬಾಗಿಲಿಗೆ ಹೊರಟವನನ್ನು ಸುತ್ತಿಸಿ ಬಲಗಡೆಯ ಸೀಟಿನಲ್ಲಿ ಕೂರಿಸಿದಳು. ಅವನು ಕೂತಾಗ ವಿಮಾನ ಆ ಕಡೆಗೆ ಒಂದಿಷ್ಟು ವಾಲಿತು. ಬೆಲ್ಟು ಆದಷ್ಟು ಸಡಿಲಿಸಿ ಹಾಕಿದಳು. ಇಬ್ಬರ ಭುಜಕ್ಕೆ ಭುಜ ತಾಗುತ್ತಿತ್ತು. ಇಷ್ಟು ಹತ್ತಿರ ಕೂತು ಹಗಲಿನಲ್ಲಿ ಎಲ್ಲಿಗಾದರೂ ಹೋಗಿ ಎಷ್ಟು ಕಾಲವಾಯಿತೆಂದು ಆಕೆಗೆ ಅನ್ನಿಸಿತು. ಹೆಡ್‌ಫೋನನ್ನು ಅವನ ಕಿವಿಗೆ ಸರಿಯಾಗಿ ಕೂರಿಸಿದಳು.

“ಕೇಳ್ಸುತ್ತಾ?”

“ನಿನ್ನ ಮಾತು ಯಾವತ್ತು ಕೇಳ್ಸಿಲ್ಲ ಹೇಳು” ಅಂದ. ದನಿ ಸಣ್ಣಗಿತ್ತು.

ವಿಮಾನ ಓಡುವ ಆ ಹುಲ್ಲಿನ ಪಟ್ಟಿಯ ನಡುವಿನಲ್ಲಿ, ಅಂಚಿಗೆ, ಒಂದು ಹಳೆಯ ಟೈರಿಗೆ ಬಿಳಿ ಬಣ್ಣ ಹೊಡೆದು ಇಟ್ಟಿದ್ದರು. ವೇಗ ತೋರಿಸುವ ಮುಳ್ಳಿನ ಗಾಜಿಗೆ ಒಂದು ಕಡೆ ಕೆಂಪು ಟೇಪಿನ ಚೂರು ಅಂಟಿಸಿದ್ದರು. ಟೈರು ದಾಟುವುದರೊಳಗೆ ಮುಳ್ಳು ಕೆಂಪು ಮುಟ್ಟಿರಬೇಕು. ಮುಟ್ಟದಿದ್ದರೆ ಹಿಂದೆ ಮುಂದೆ ನೋಡದೆ ಎಂಜಿನ್ ಇಳಿಸಿ ನಿಲ್ಲಿಸಬೇಕು. ಇನ್ನೊಂದು ಚೂರು ನೋಡೋಣ, ಈಗ ಏರೀತು, ಆಗ ಏರೀತು ಎಂದು ಕಾದವರು ಕೊನೆಯಲ್ಲಿರುವ ಬೇಲಿಯ ತಂತಿಯನ್ನು ಹತ್ತಿರದಿಂದ ನೋಡುತ್ತಾರೆ ಅಂತ ಮೇಷ್ಟ್ರು ಪಾಠದ ಮೊದಲ ವಾರವೇ ಹೇಳಿದ್ದರು.

ಹುಲ್ಲು ಇನ್ನೂ ಒದ್ದೆಯಾಗಿತ್ತು, ಗಾಳಿ ಅಲುಗುತ್ತಿರಲಿಲ್ಲ. ಆಕೆ ಎಂಜಿನ್ ಪೂರ್ತಿ ಏರಿಸಿದಳು. ವಿಮಾನ ಹೊರಟಿತು. ಹೊರಟ ರೀತಿಯಲ್ಲೇ ಆಕೆಗೆ ಏನೋ ಸರಿಯಿಲ್ಲ ಅನ್ನಿಸಿತು. ಭಾನುವಾರದ ಜನರನ್ನು ತುಂಬಿಕೊಂಡ ಬಸ್ಸು ಏರು ಹತ್ತುವಾಗ ತೆವಳುವ ಹಾಗೆ ಓಡುತ್ತಿತ್ತು. ಮುಳ್ಳು ಏರುತ್ತಿತ್ತು, ಆದರೆ ಆಲಸಿಯಂತೆ ಏರುತ್ತಿತ್ತು. ಬಿಳಿ ಟೈರು ಹತ್ತಿರ ಬಂತು. ಕೆಂಪಿಗೆ ಇನ್ನೂ ಒಂದು ಬೆರಳು ಬಾಕಿ.

ಪಕ್ಕದಲ್ಲಿ ಗಂಡ. ಒಂದು ವರ್ಷ ಕಾದು ಕೂರಿಸಿಕೊಂಡ ಗಂಡ. ಶೆಡ್ಡಿನ ಮುಂದೆ ಅಂಕ ಕೊಡುವ ಮ್ಯಾನೇಜರು. ನಿಲ್ಲಿಸಿದರೆ ಇವರು ಇನ್ನೊಮ್ಮೆ ಈ ಸೀಟಿನಲ್ಲಿ ಕೂರುವುದಿಲ್ಲ ಎಂದು ಆಕೆಗೆ ಖಂಡಿತ ಗೊತ್ತಿತ್ತು. ಟೈರು ರೆಕ್ಕೆಯ ಕೆಳಗೆ ಸರಿಯಿತು. ಆಕೆ ಎಂಜಿನ್ ಇಳಿಸಿದಳು.

ಒದ್ದೆ ಹುಲ್ಲಿನ ಮೇಲೆ ಬ್ರೇಕನ್ನು ಬೆಣ್ಣೆ ಸವರಿದಷ್ಟು ಮೆಲ್ಲಗೆ ಒತ್ತಿ, ಬೇಲಿಗೆ ಬಹಳ ಮೊದಲೇ ನಿಲ್ಲಿಸಿ, ತಿರುಗಿಸಿ, ಮರಳಿ ಶೆಡ್ಡಿನ ಕಡೆ ಬಂದಳು.  ಜೀವನದಲ್ಲಿ ಮೊದಲ ಸಲ ಆಕೆ ಟ್ರಿಪ್ಪು ಪೂರ್ತಿ ಮಾಡದೆ ಪ್ರಯಾಣಿಕನನ್ನು ಹತ್ತಿದ ಜಾಗದಲ್ಲೇ ಇಳಿಸುತ್ತಿದ್ದಳು.

“ಏನಾಯ್ತು?” ಅಂದರು ಮೇಷ್ಟ್ರು.

“ವೇಗ ಬರ್ಲಿಲ್ಲ.”

ಮೇಷ್ಟ್ರು ಎಂಜಿನ್ ಸುತ್ತ ಒಮ್ಮೆ ನೋಡಿದರು, ಚಕ್ರ ತಿರುಗಿಸಿ ನೋಡಿದರು, ಬಗ್ಗಿ ಕೆಳಗೆ ನೋಡಿದರು. ಎಲ್ಲ ಸರಿಯಾಗಿಯೇ ಇತ್ತು. “ಕಾಲು ಬ್ರೇಕಿನ ಮೇಲೆ ಏನಾದ್ರೂ?” ಅಂತ ಅರ್ಧ ಕೇಳಿದರು.

ಉಳಿದರ್ಧವನ್ನು ಮ್ಯಾನೇಜರು ಪೂರ್ತಿ ಮಾಡಿದರು. “ಗಂಡ ಪಕ್ಕದಲ್ಲಿ ಕೂತ್ರೆ ಕೈಕಾಲು ನಡುಗೋದು ಸಹಜ ಬಿಡಿ.”

ಬೇರೆ ದಿನವಾಗಿದ್ದರೆ ತೊಟ್ಟಿಲಮ್ಮ ಅವರನ್ನು ಕುರ್ಚಿ ಸಮೇತ ಮಡಚಿಡುತ್ತಿದ್ದಳು. ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಓಡಿಸುವವಳು ಎಂಬುದು ಡ್ರೈವರಿಗೆ ಕೊಡಬಹುದಾದ ಅತಿ ಕೀಳು ಬೈಗುಳ. ಆದರೆ ಆಕೆ ಮನಸ್ಸಿನಲ್ಲೇ ಓಟವನ್ನು ಹಿಂದಿನಿಂದ ಮುಂದಕ್ಕೆ ಎರಡು ಸಲ ನೋಡಿದಳು. ಲೆಕ್ಕ ಸರಿ, ಎಂಜಿನ್ ಸರಿ, ಪೆಟ್ರೋಲು ಸರಿ. ಇವರ ತೂಕ ಸರಿ. ಉಳಿದದ್ದು ತಾನೊಬ್ಬಳೇ. “ಇಟ್ಟಿದ್ರೂ ಇಟ್ಟಿರಬಹುದು” ಅಂದಳು. “ನನಗೇ ಗೊತ್ತಾಗಿಲ್ಲ. ಗೊತ್ತಾಗದೆ ಇದ್ರೆ ಅದು ಇನ್ನೂ ಕೆಟ್ಟದ್ದು. ಮೇಷ್ಟ್ರೇ, ನಾನು ಇನ್ಮೇಲೆ ಯಾರನ್ನೂ ಪಕ್ಕದಲ್ಲಿ ಕೂರಿಸ್ಕೊಳ್ಳಲ್ಲ. ಒಬ್ಬಳೇ ಹಾರ್ತೀನಿ, ಸಾಕು.”

ಇದನ್ನು ಆಕೆ ಅಳದೆ ಹೇಳಿದಳು. ಸರಿಯಾಗಿ ಯೋಚಿಸಿ, ಸರಿಯೆನಿಸಿದ್ದನ್ನು ಹೇಳುವ ದನಿಯಲ್ಲಿ ಹೇಳಿದಳು. ಬೇಕರಿಯವನಿಗೆ ತಡೆಯಲಾಗದ್ದು ಅದೇ ದನಿ.

ಅವನು ಬನ್ನಿನ ಚೀಲವನ್ನು ಬೆಂಚಿನ ಮೇಲಿಟ್ಟ. ಶೆಡ್ಡಿನ ಮೂಲೆಗೆ ನಡೆದ. ಹುಲ್ಲಿನ ಮೂಟೆಯ ತೂಕದ ಯಂತ್ರದ ಮೇಲೆ, ಕೋಟು ಬೂಟುಗಳ ಸಮೇತ, ಹತ್ತಿ ನಿಂತ. ತಟ್ಟೆ ಕಿರುಗುಟ್ಟಿತು. ಮುಳ್ಳು ಅತ್ತಿತ್ತ ತೂಗಿ ನಿಂತಿತು.

“ಎಲ್ಲಾರೂ ಬನ್ನಿ” ಅಂದ. “ಮ್ಯಾನೇಜರೇ, ನೀವೂ ಬನ್ನಿ, ಕುರ್ಚಿ ಅಲ್ಲೇ ಇರ್ಲಿ. ಬಂದು ಓದಿ.”

ಯಾರೂ ಓದಲಿಲ್ಲ. ಕೊನೆಗೆ ಅವನೇ ಬಗ್ಗಿ ಓದಿದ. ಅಂಗಡಿಯಲ್ಲಿ ಗಿರಾಕಿಗೆ ಕೇಳುವಂತೆ ತೂಕ ಕೂಗುವ ದನಿ ಅದು. “ನೂರ ಆರು.”

 ಮೇಷ್ಟ್ರು ಬೇರೆ ಕಡೆ ತಿರುಗಿ, ಅಗತ್ಯವಿಲ್ಲದಿದ್ದರೂ ಒಂದು ಸ್ಪ್ಯಾನರನ್ನು ಒರೆಸತೊಡಗಿದರು.

“ಅವಳ ಕಾಲು ಬ್ರೇಕಿನ ಮೇಲಿರ್ಲಿಲ್ಲ” ಅಂದ ಬೇಕರಿಯವನು. “ಬ್ರೇಕು ನಾನೇ.”

ತೊಟ್ಟಿಲಮ್ಮನಿಗೆ ಮೊದಲು ಬಂದದ್ದು ಕೋಪ. ಕಿವಿಯವರೆಗೂ ಕೆಂಪಗಾದಳು. “ತಲೆ ನೆಟ್ಟಗಿದೆಯೇನ್ರೀ ನಿಮಗೆ? ಹದಿನಾರು ಕಿಲೋ! ಆ ಟೈರು ಅಲ್ಲಿ ಇರದೆ ಇದ್ರೆ ಈಗ ಇಬ್ಬರೂ ಬೇಲಿ ತಂತಿಯಲ್ಲಿ ಬಟ್ಟೆ ಒಣಗಿಸಿದ ಹಾಗೆ ನೇತಾಡ್ತಾ ಇರ್ತಿದ್ವಿ. ಬ್ರೆಡ್ಡಿಗೆ ಒಂದು ಚೂರು ಕಡಿಮೆಯಾದ್ರೆ ನಿದ್ದೆ ಬರಲ್ಲ, ನನ್ನ ಹತ್ರ ಮೂಟೆ ಹಿಟ್ಟಿನಷ್ಟು ಸುಳ್ಳಾ?”

“ಪಾತ್ರೆ ತೂಕ ಕಳೆದು ಹೇಳ್ದೆ ಕಣೇ” ಅಂದ, ತನ್ನ ಹೊಟ್ಟೆಯನ್ನು ತೋರಿಸಿ. ನಗಿಸಲು ನೋಡಿದ. ಆಕೆ ನಗದಿದ್ದಾಗ ಅವನ ಮುಖವೂ ಇಳಿಯಿತು. “ಮದುವೆಯಾದಾಗ ನಾನು ಹೇಗಿದ್ದೆ, ನೆನಪಿದೆಯಾ? ಕಡ್ಡಿ ಹಾಗಿದ್ದೆ. ನೀನು ಇವತ್ತಿಗೂ ಹಾಗೇ ಇದ್ದೀಯ. ಹಾರೋ ಮೊದಲು ಇಲ್ಲಿ ಎಲ್ಲರ ಮುಂದೆ ತೂಕ ಕೇಳ್ತಾರೆ ಅಂತ ಪಾಠ ಕಲಿಯುವಾಗ ನೀನೇ ಹೇಳಿದ್ದೆಯಲ್ಲ. ತೊಟ್ಟಿಲಮ್ಮನ ಗಂಡ ಇಂಥ ಹೊರೆ ಅಂತ ಇವರೆಲ್ಲ ನಿನ್ನ ನೋಡಿ ನಗ್ತಾರಲ್ಲ ಅಂತ ನಾಚಿಕೆ ಆಯ್ತು. ಒಂದು ವರ್ಷ ರಸ್ಕು ಮುಟ್ಟದೆ ಇದ್ದು ನೋಡ್ದೆ. ಇಳೀಲಿಲ್ಲ.”

ಆಕೆ ಅವನನ್ನೇ ನೋಡುತ್ತಾ ನಿಂತಳು. “ಅಂದ್ರೆ, ಒಲೆ ರಿಪೇರಿ?”

“ಸುಳ್ಳು.”

“ಬೆನ್ನು ನೋವು?”

“ಅದು ಅರ್ಧ ನಿಜ.”

“ನನ್ನ ಕೈ ನಂಬದೆ ಬರ್ತಿಲ್ಲ ಅಂತ ನಾನು ಒಂದು ವರ್ಷ ಕೊರಗ್ದೆ” ಅಂದಳು. ಕೋಪದ ದನಿಯಲ್ಲೇ ಶುರು ಮಾಡಿದ ಮಾತು, ಮುಗಿಯುವಾಗ ಅದು ಕೋಪದ್ದಾಗಿ ಉಳಿದಿರಲಿಲ್ಲ.

“ನಿನ್ನ ಕೈಯನ್ನಾ?” ಬೇಕರಿಯವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. ಆ ಯಂತ್ರದ ಮೇಲಿಂದ ಇಳಿಯುವುದನ್ನೂ ಮರೆತು ನಿಂತಿದ್ದ. “ಅದನ್ನ ಯಾರು ನಂಬಲ್ಲ?”

ಮ್ಯಾನೇಜರು ಕೆಮ್ಮಿದರು. ಅಂಕ ಕೊಡುವವರಾದರೂ ಮನುಷ್ಯ ಕೆಟ್ಟವರಲ್ಲ. “ನನ್ನದು ತೊಂಬತ್ತೆಂಟು ಇದೆ” ಅಂದರು, ಯಾರೂ ಕೇಳದಿದ್ದರೂ. “ಇವರ ಹತ್ರ ಎಂಬತ್ತೈದು ಅಂತ ಹೇಳ್ತಾ ಬಂದಿದ್ದೀನಿ.” ಮೇಷ್ಟ್ರು ಸ್ಪ್ಯಾನರನ್ನು ಕೆಳಗಿಟ್ಟರು. ಆವತ್ತಿನಿಂದ ಆ ಶೆಡ್ಡಿನಲ್ಲಿ ಬಾಯಿಮಾತಿನ ತೂಕ ನಿಂತಿತು. ಹಾರುವವರು ಯಾರೇ ಬಂದರೂ ಹುಲ್ಲಿನ ಮೂಟೆಯ ಹಾಗೆ ಆ ಯಂತ್ರದ ಮೇಲೆ ನಿಲ್ಲಬೇಕು, ಮರ್ಯಾದೆ ಗಿರ್ಯಾದೆ ಏನೂ ಇಲ್ಲ.

ಲೆಕ್ಕ ಮೊದಲಿಂದ ಹಾಕಿದರು. ತೊಟ್ಟಿಲಮ್ಮ ಪೆನ್ಸಿಲನ್ನು ಗಟ್ಟಿಯಾಗಿ ಒತ್ತಿ ಬರೆದಳು, ಕೋಪ ಇನ್ನೂ ಪೂರ್ತಿ ಇಳಿದಿರಲಿಲ್ಲ. ನದಿಯ ತಿರುವು ಆಗುವುದಿಲ್ಲ, ಊರ ಮೇಲೆ ಒಂದು ಸುತ್ತು ಆಗುತ್ತದೆ. ಟ್ಯಾಂಕಿನಿಂದ ಹೆಚ್ಚಿನ ಪೆಟ್ರೋಲನ್ನು ಕ್ಯಾನಿಗೆ ಇಳಿಸಿದರು. ಹುಲ್ಲು ಒಣಗಲೆಂದು ಮಧ್ಯಾಹ್ನದವರೆಗೆ ಕಾದರು. ಕಾಯುವಾಗ ನಾಲ್ವರೂ ಬೆಂಚಿನ ಮೇಲೆ ಕೂತು ಬನ್ನು ತಿಂದರು. ಬೇಕರಿಯವನು ಒಂದು ಬನ್ನು ಎತ್ತಿ ಹೆಂಡತಿಯ ಮುಖ ನೋಡಿ ಮತ್ತೆ ಕೆಳಗಿಟ್ಟ. “ತಿನ್ನಿ” ಅಂದಳು, “ಅದನ್ನೂ ಲೆಕ್ಕಕ್ಕೆ ಸೇರಿಸಿದ್ದೀನಿ.”

ಮಧ್ಯಾಹ್ನ ಗಾಳಿ ಎದುರಿನಿಂದ ಬೀಸತೊಡಗಿತು. ಈ ಸಲ ಮುಳ್ಳು ಟೈರಿಗೆ ಬಹಳ ಮೊದಲೇ ಕೆಂಪು ದಾಟಿತು, ಚಕ್ರಗಳ ಗಡಗಡ ನಿಂತಿತು, ಬೇಲಿ ಕೆಳಗೆ ಹೋಯಿತು. ಕೊನೆಯ ಸ್ಟಾಪಿನಲ್ಲಿ ನಿಂತ ಬಸ್ಸು ಕಂಡಿತು, ಅದರ ಡ್ರೈವರು ಬೇಲಿಗೊರಗಿ ಮೇಲೆ ನೋಡುತ್ತಿದ್ದ. ಆಮೇಲೆ ತಾನು ಸಾವಿರ ಸಲ ಹೋಗಿ ಬಂದ ರಸ್ತೆ ದಾರದಂತೆ ಊರಿಗೆ ಹೋಗುವುದು ಕಂಡಿತು. ಆಕೆ ಆ ರಸ್ತೆಯ ಮೇಲೆಯೇ ಹಾರಿಸಿದಳು.

“ಅಗೋ, ನೀರಿನ ಟ್ಯಾಂಕು” ಅಂದಳು. “ಅದರ ಪಕ್ಕ ಶಾಲೆ. ಬಲಗಡೆ ನೋಡಿ, ಆ ಹಸಿರು ಬಾಗಿಲಿನ ಸಾಲಿನಲ್ಲಿ ಕೊನೆಯದು. ನಿಮ್ಮ ಚಿಮಣಿ ಕಾಣ್ಸುತ್ತಾ?”

“ಹೂಂ.”

“ನೋಡಿದ್ರಾ?”

“ನೋಡ್ದೆ, ನೋಡ್ದೆ.”

ಆಕೆಗೆ ಅನುಮಾನ ಬಂದು ಓರೆಗಣ್ಣಿನಲ್ಲಿ ನೋಡಿದಳು. ಅವನು ಕಿಟಕಿಯ ಕಡೆ ತಿರುಗಿಯೇ ಇರಲಿಲ್ಲ. ಅವನು ಆಕೆಯ ಕೈಗಳನ್ನು ನೋಡುತ್ತಿದ್ದ. ಹಿಟ್ಟು ಸರಿಯಾಗಿ ಹದಕ್ಕೆ ಬಂದಿದೆಯೇ ಎಂದು ನೋಡುವವನ ಗಮನದಲ್ಲಿ, ಬಾಯಿ ಸ್ವಲ್ಪ ತೆರೆದುಕೊಂಡು, ಎರಡೇ ಬೆರಳು ಕೋಲಿನ ಮೇಲೆ ಇಟ್ಟುಕೊಂಡ ಆ ಕೈಯನ್ನು, ಪೆಡಲಿನ ಮೇಲೆ ಮೆಲ್ಲಗೆ ಹೋಗಿ ಬರುವ ಕಾಲನ್ನು, ಆಕೆ ಗಡಿಯಾರದಂಥ ಮುಳ್ಳುಗಳ ಮೇಲೆ ಕಣ್ಣಾಡಿಸಿ ಮತ್ತೆ ದೂರಕ್ಕೆ ನೋಡುವುದನ್ನು ನೋಡುತ್ತಿದ್ದ.

“ಕೆಳಗೆ ನೋಡ್ರೀ. ಮತ್ತೆ ಸಿಗಲ್ಲ.”

“ಊರು ಎಲ್ಲಿಗೂ ಹೋಗಲ್ಲ” ಅಂದ. ಆಮೇಲೆ ಅವನ ದನಿ ಆಕೆಯ ಕಿವಿಯೊಳಗೇ ಬಂತು. “ಇಷ್ಟು ಚೆನ್ನಾಗಿ ಮಾಡ್ತೀಯಾ ನೀನು? ಇಷ್ಟು ವರ್ಷ ಹೀಗೇ ಮಾಡ್ತಿದ್ದೆಯಾ? ನಾನು ಒಂದು ದಿನವೂ ಬಂದು ನೋಡ್ಲಿಲ್ಲವಲ್ಲೇ.”

 ತೊಟ್ಟಿಲಮ್ಮನ ಕಣ್ಣು ಮಂಜಾಯಿತು. ಹುಲ್ಲಿನ ಪಟ್ಟಿ ಎದುರಿಗೆ ಬರುತ್ತಿತ್ತು, ಇಳಿಸುವ ಹೊತ್ತು. ಮಂಜುಗಣ್ಣಿನಲ್ಲಿ ವಿಮಾನ ಇಳಿಸಬಾರದು.

“ಇಳಿಯೋವರೆಗೂ ಮಾತಾಡ್ಬೇಡಿ” ಅಂತ ಗದರಿದಳು.

 ಆಕೆ ತೋಳಿನಿಂದ ಕಣ್ಣೊರೆಸಿಕೊಂಡು, ವೇಗ ನೋಡಿ, ಗಾಳಿಚೀಲ ನೋಡಿ, ವಿಮಾನವನ್ನು ಹುಲ್ಲಿಗೆ ತಂದಳು. ಚಕ್ರ ನೆಲ ಮುಟ್ಟಿದ್ದು ಗೊತ್ತೇ ಆಗಲಿಲ್ಲ. ಶೆಡ್ಡಿನ ಮುಂದೆ ತಂದು ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲ ಗುಂಡಿಗಳನ್ನೂ ಒಂದೊಂದಾಗಿ ಬಂದ್ ಮಾಡಿದಳು. ಪ್ರೊಪೆಲ್ಲರು ನಿಂತಿತು. ಮೇಷ್ಟ್ರು, ಮ್ಯಾನೇಜರು ಹತ್ತಿರ ಬಂದರು. ಆಕೆ ಅವರಿಗೂ ಕೇಳಲೆಂದು ಬಾಗಿಲು ತೆಗೆದಿಟ್ಟಳು. ಹೆಡ್‌ಫೋನು ತೆಗೆದು ಮಡಿಲಲ್ಲಿಟ್ಟುಕೊಂಡು, ಬಲಕ್ಕೆ ತಿರುಗಿ ಕೂತಳು.

“ಈಗ ಹೇಳಿ” ಅಂದಳು. “ಮೇಲೆ ಏನೋ ಅಂದ್ರಲ್ಲ, ಎಂಜಿನ್ ಸದ್ದಲ್ಲಿ ಸರಿಯಾಗಿ ಕೇಳ್ಸಿಲ್ಲ.”

ಪೂರ್ತಿ ಕೇಳಿಸಿತ್ತೆಂದು ಅವನಿಗೆ ಗೊತ್ತಿತ್ತು. ಆದರೂ ಮೊದಲಿನಿಂದ, ಒಂದು ಮಾತೂ ಬಿಡದೆ, ಅಂಗಡಿಯಲ್ಲಿ ತೂಕ ಕೂಗುವಷ್ಟೇ ಗಟ್ಟಿಯಾಗಿ ಮತ್ತೊಮ್ಮೆ ಹೇಳಿದ.